ಬಾವಿಯ ನೀರು ಕೆಡುವುದು: ಕಾರಣ, ಪರಿಶೋಧನೆ, ಪರಿಹಾರ

ಬಾವಿಯ ನೀರು ಕೆಟ್ಟಿತೆಂದರೆ ಅದನ್ನು ಬತ್ತಿಸಿ, ಹೂಳೆತ್ತಿಸಿ, ಸುಣ್ಣವನ್ನೋ ಬ್ಲೀಚಿಂಗ್ ಪುಡಿಯನ್ನೋ ಹಾಕಿಸಿ ಸಮಾಧಾನಪಡುವುದು ಗ್ರಾಮಗಳಲ್ಲಿ ರೂಢಿಯಾಗಿರುವುದು. ಲೇಖಕನು ಕಂಡ ಒಂದು ಹಳ್ಳಿಯಲ್ಲಿ ಪ್ರತಿ ಬೇಸಗೆಯಲ್ಲಿಯೂ ಹೀಗೆ ಮಾಡಿಸುತ್ತಿದ್ದರು. ಮಳೆ ಬಿದ್ದೊಡನೆ ನೀರು ಪುನಃ ಕೆಡುತ್ತಿದ್ದಿತು. ಬಾವಿಯ ಮೇಲ್ಗಡೆ ಕೆಲವೇ ಮಾರು ದೂರದಲ್ಲಿದ್ದ ದೊಡ್ಡ ತಿಪ್ಪೆಗುಂಡಿಯನ್ನು ಯಾರೂ ಲೆಕ್ಕಕ್ಕೆ ತಂದುಕೊಂಡಿರಲಿಲ್ಲ. ಅಲ್ಲಿ ಕೆಟ್ಟಿದ್ದುದು ಬಾವಿಯಲ್ಲ, ಬಾವಿಗೆ ಒಸರುವ ನೆಲದೊಳಗಿನ ನೀರು. ಮೂಲವನ್ನು ತೆಗೆಯದೆ ಬಾವಿಯನ್ನು ತೊಳೆಯುವುದು, ಸೋರುವ ಮಾಡನ್ನು ಬಿಟ್ಟು ನೆಲವನ್ನು ಒರಸಿದಂತೆ.

1. ಕಾರಣ

ತಿಪ್ಪೆ, ಕೊಟ್ಟಿಗೆಯ ಬಚ್ಚಲು, ಕಕ್ಕಸಿನ ಗುಂಡಿ, ಕೀಟನಾಶಕದ ಯಂತ್ರಗಳನ್ನು ತೊಳೆಯುವ ಸ್ಥಳ—ಇವು ಮುಖ್ಯ ಮೂಲಗಳು. ಗೊಬ್ಬರದ ಸಾರಜನಕವು ಮಣ್ಣಿನಲ್ಲಿ ನೈಟ್ರೇಟಾಗಿ ಮಾರ್ಪಟ್ಟು, ಮಣ್ಣಿಗೆ ಅಂಟಿಕೊಳ್ಳದೆ ಮಳೆನೀರಿನೊಡನೆ ಕೆಳಕ್ಕಿಳಿಯುವುದು. ಇದರಿಂದ ನೀರಿಗೆ ಬಣ್ಣವಾಗಲಿ ವಾಸನೆಯಾಗಲಿ ಬಾರದು. ಆದರೆ ಅಂತಹ ನೀರಿನಲ್ಲಿ ಕಲಸಿದ ಹಾಲಿನ ಪುಡಿಯನ್ನು ಕುಡಿದ ಹಸುಳೆಯ ರಕ್ತವು ಪ್ರಾಣವಾಯುವನ್ನು ಒಯ್ಯುವ ಶಕ್ತಿಯನ್ನು ಕಳೆದುಕೊಂಡು ಮೈ ನೀಲಿಗಟ್ಟಬಹುದು. ಅಮೆರಿಕದ ಅಯೋವಾ ಸಂಸ್ಥಾನದ ವೈದ್ಯ ಹಂಟರ್ ಕಾಮ್ಲಿಯವರು 1945ರಲ್ಲಿ ಹಳ್ಳಿಯ ಬಾವಿಗಳ ವಿಷಯದಲ್ಲಿ ಇದನ್ನು ಪ್ರಕಟಪಡಿಸಿದರು. ಭಾರತದ ಕುಡಿಯುವ ನೀರಿನ ಮಾನಕದಂತೆ ಲೀಟರಿಗೆ 45 ಮಿಲಿಗ್ರಾಂಗಿಂತ ಹೆಚ್ಚು ನೈಟ್ರೇಟ್ ಇರಕೂಡದು. ನೀರನ್ನು ಕಾಯಿಸಿದರೆ ಅದು ಹೋಗದು. ನೀರು ಆವಿಯಾದಷ್ಟೂ ಅದರ ಪ್ರಮಾಣವು ಹೆಚ್ಚುವುದು. ಬ್ಲೀಚಿಂಗ್ ಪುಡಿಯು ಕ್ರಿಮಿಗಳನ್ನು ಕೊಲ್ಲುವುದೇ ಹೊರತು ನೈಟ್ರೇಟನ್ನು ಕಳೆಯಲಾರದು.

2. ಪರಿಶೋಧನೆ

ಮೊದಲು ಗ್ರಾಮದ ಬಾವಿಗಳನ್ನೂ ಮೇಲ್ಕಂಡ ಮೂಲಗಳನ್ನೂ ಒಂದು ನಕ್ಷೆಯಲ್ಲಿ ಗುರುತಿಸತಕ್ಕದ್ದು. ತರುವಾಯ ಒಂದೇ ಸಾಲಿನಲ್ಲಿರದ ಮೂರು ಬಾವಿಗಳನ್ನು ಆರಿಸಿ, ನೀರೆತ್ತುವುದಕ್ಕೆ ಮುಂಚೆ ಒಂದೇ ಬೆಳಿಗ್ಗೆ ಅವುಗಳ ನೀರಿನ ಮಟ್ಟವನ್ನು ಒಂದೇ ಗುರುತಿಗೆ ಹೋಲಿಸಿ ಅಳೆಯಬೇಕು. ನೆಲದೊಳಗಿನ ನೀರು ಎತ್ತರದ ಮಟ್ಟದಿಂದ ತಗ್ಗಿನ ಮಟ್ಟದ ಕಡೆಗೆ ಹರಿಯುವುದು. ಸಾಮಾನ್ಯವಾಗಿ ಭೂಮಿಯ ಇಳಿಜಾರನ್ನೇ ಅನುಸರಿಸುವುದು.

ಬಳಿಕ ಮೂಲದ ಮೇಲ್ಗಡೆಯ ಹಾಗೂ ಕೆಳಗಡೆಯ ಬಾವಿಗಳಿಂದ ನೀರಿನ ಮಾದರಿಗಳನ್ನು ಶುಚಿಯಾದ ಸೀಸೆಗಳಲ್ಲಿ ತೆಗೆದು, ನೈಟ್ರೇಟ್ ಮತ್ತು ಕ್ಲೋರೈಡ್ ಪರೀಕ್ಷೆಗಾಗಿ ಪ್ರಯೋಗಾಲಯಕ್ಕೆ ಕಳುಹಿಸಬೇಕು. ಮೇಲಿನ ನೀರು ಶುದ್ಧವಾಗಿದ್ದು ಕೆಳಗಿನದರಲ್ಲಿ ಇವೆರಡೂ ಹೆಚ್ಚಾಗಿದ್ದರೆ ನಡುವೆಯಿರುವ ಮೂಲವೇ ಕಾರಣವೆಂದು ಬಹುಮಟ್ಟಿಗೆ ನಿರ್ಧರಿಸಬಹುದು. ಎರಡೂ ಕಡೆ ಸಮನಾಗಿದ್ದರೆ ಬೇರೆ ಕಾರಣವನ್ನು ಹುಡುಕತಕ್ಕದ್ದು, ತಿಪ್ಪೆಯವನನ್ನು ದೂರಕೂಡದು.

3. ಪರಿಹಾರ

ತಿಪ್ಪೆಯನ್ನು ಬಾವಿಯ ಕೆಳಗಡೆಗೆ, 50 ಅಡಿಗೆ ಕಡಮೆಯಿಲ್ಲದ ದೂರಕ್ಕೆ ಸಾಗಿಸಬೇಕು. ಕರ್ನಾಟಕದ ಬಹುಭಾಗದಲ್ಲಿರುವ ಕಲ್ಲುನೆಲದಲ್ಲಿ ನೀರು ಬಿರುಕುಗಳ ಮೂಲಕ ದೂರ ಹರಿಯುವುದರಿಂದ ಅಂತರವು ಹೆಚ್ಚಿದಷ್ಟೂ ಒಳ್ಳೆಯದು. ಗುಂಡಿಯ ತಳಕ್ಕೆ ಜೇಡಿಮಣ್ಣನ್ನು ಹಾಕಿ ದಮ್ಮಸು ಮಾಡಿಸಿ, ಹೊರಗಣ ನೀರು ನುಗ್ಗದಂತೆ ಸುತ್ತಲೂ ಬದುವನ್ನು ಹಾಕಿಸುವುದು. ಹಳೆಯ ಗುಂಡಿಯ ತಳದ ಕಪ್ಪು ಮಣ್ಣನ್ನೂ ತೋಡಿ ಹೊಲಕ್ಕೆ ಹಾಕಬೇಕು. ಇಲ್ಲವಾದರೆ ಅದೇ ವರ್ಷಗಟ್ಟಲೆ ಸೋರುತ್ತಿರುವುದು.

ನೈಟ್ರೇಟ್ ಮಾತ್ರ ಹೆಚ್ಚಾಗಿರುವ ನೀರನ್ನು ಬೆಳೆಗೆ ಹಾಯಿಸಬಹುದು. ಮಾನಕದ ಮೇರೆಯಲ್ಲಿರುವ ಅಂತಹ ನೀರನ್ನು ಒಂದು ಎಕರೆಗೆ ಒಂದು ಅಂಗುಲ ಹಾಯಿಸಿದರೆ ಸುಮಾರು 1 ಕಿಲೋಗ್ರಾಂ ಸಾರಜನಕವು ಭೂಮಿಗೆ ಹಿಂದಿರುಗುವುದು. ಕೀಟನಾಶಕ ಅಥವಾ ಎಣ್ಣೆ ಸೇರಿದ ನೀರನ್ನಾದರೋ ಯಾವುದಕ್ಕೂ ಉಪಯೋಗಿಸದೆ ಅಧಿಕಾರಿಗಳಿಗೆ ತಿಳಿಸತಕ್ಕದ್ದು.

ಮೂಲವನ್ನು ತೆಗೆದ ಮೇಲೆಯೇ ಕ್ರಿಮಿಶುದ್ಧಿ. 1,000 ಲೀಟರಿಗೆ 2.5 ಗ್ರಾಂ ಹೊಸ ಬ್ಲೀಚಿಂಗ್ ಪುಡಿಯು ಸಾಕು. 3 ಮೀಟರು ಅಗಲದ ದುಂಡುಬಾವಿಯಲ್ಲಿ 4 ಮೀಟರು ನೀರಿದ್ದರೆ ಅದು ಸುಮಾರು 28,000 ಲೀಟರು. ಅದಕ್ಕೆ 70 ಗ್ರಾಂ ಪುಡಿ ಬೇಕಾಗುವುದು. ಒಂದು ಗಂಟೆಯ ತರುವಾಯ ನೀರೆತ್ತಬಹುದು.

ನೈಟ್ರೇಟ್ ಇಳಿಯಲು ಒಂದೆರಡು ಮಳೆಗಾಲಗಳಾದರೂ ಹಿಡಿಯಬಹುದು. ಅದುವರೆಗೆ ಹಸುಳೆಗಳಿಗೆ ಬೇರೆ ನೀರನ್ನು ಒದಗಿಸಿ, ಮಳೆಯ ಮುಂಚೆಯೂ ಅನಂತರವೂ ಪರೀಕ್ಷೆ ಮಾಡಿಸುತ್ತಿರಬೇಕು.

ತಿಪ್ಪೆಯು ಒಬ್ಬನದು, ಬಾವಿಯು ಊರಿನದು. ಆದುದರಿಂದಲೇ ಈ ಕಾರ್ಯವು ಮುಖಂಡರಿಲ್ಲದೆ ನಡೆಯದು. ಬಾವಿಗೆ ಇಳಿಯುವ ಸಾರವು ಹೊಲಕ್ಕೆ ಸೇರಬೇಕಾಗಿದ್ದ ಸಾರವೆಂಬುದನ್ನು ತಿಪ್ಪೆಯ ಯಜಮಾನನಿಗೆ ಮನಗಾಣಿಸಿದರೆ ಅರ್ಧ ಕೆಲಸವಾದಂತೆಯೇ ಸರಿ.