ಹತ್ತಿದ ಗೇರ್‌ನಲ್ಲೇ ಇಳಿಯಬೇಕು

ನಡುವಟ್ಟಂ ದಾಟಿ ಗೂಡಲೂರಿನ ಕಡೆಗೆ ಘಾಟಿ ಇಳಿಯುತ್ತಿದ್ದಾಗ ಕಾರಿನೊಳಗೆ ಸುಟ್ಟ ವಾಸನೆ ಬಂತು. ಮುಂದಿದ್ದ ಲಾರಿಯದ್ದಿರಬೇಕು ಅಂದುಕೊಂಡೆ. ಲಾರಿ ಪಕ್ಕಕ್ಕೆ ಸರಿದು ದಾರಿ ಬಿಟ್ಟ ಮೇಲೂ ವಾಸನೆ ಹೋಗಲಿಲ್ಲ. ಮುಂದಿನ ತಿರುವಿಗೆ ಬ್ರೇಕ್ ಒತ್ತಿದರೆ, ಎಂದಿನಂತೆ ಕಾಲಿಗೆ ಗಟ್ಟಿಯಾಗಿ ಸಿಗಬೇಕಾದ ಪೆಡಲ್ ಮೆತ್ತಗೆ ಒಳಗೆ ಇಳಿಯಿತು. ಹಿಂದಿನ ಸೀಟಿನಲ್ಲಿ ಅತ್ತೆ, ಅವರ ತೊಡೆಯ ಮೇಲೆ ತಲೆಯಿಟ್ಟ ಏಳು ವರ್ಷದ ಮಗಳು, ಪಕ್ಕದಲ್ಲಿ ಇವರು. 2022ರ ಡಿಸೆಂಬರ್ 26, ಸಂಜೆ ಆರೂಮುಕ್ಕಾಲು. ಕತ್ತಲಾಗುತ್ತಿತ್ತು.

ನಮ್ಮ ಮನೆಯಲ್ಲಿ ಗಾಡಿ ಓಡಿಸುವವಳು ನಾನೊಬ್ಬಳೇ. ಆಗಲೇ ಹನ್ನೊಂದು ವರ್ಷ ಯಲಹಂಕ ನ್ಯೂಟೌನ್‌ನಿಂದ ಯಶವಂತಪುರದ ಆಫೀಸಿಗೆ ದಿನವೂ ಓಡಿಸಿದ್ದೆ. ಗೊರಗುಂಟೆಪಾಳ್ಯದ ಸಿಗ್ನಲ್, ಭಾನುವಾರ ಆರ್.ಟಿ. ನಗರದ ತವರಿಗೆ ಹೋಗುವಾಗ ಹೆಬ್ಬಾಳದ ಫ್ಲೈಓವರ್ ಮೇಲಿನ ಸಾಲು, ಮಳೆಗಾಲದಲ್ಲಿ ನೀರು ನಿಲ್ಲುವ ಸರ್ವಿಸ್ ರಸ್ತೆ, ಎಲ್ಲದರಲ್ಲೂ ಪಳಗಿದ್ದೇನೆ ಅನ್ನುವ ಧೈರ್ಯ ನನಗಿತ್ತು. ಆ ಧೈರ್ಯವೇ ಅವತ್ತು ನಮ್ಮನ್ನು ತೊಂದರೆಗೆ ಸಿಕ್ಕಿಸಿತು. ಊರಿನ ಟ್ರಾಫಿಕ್‌ನಲ್ಲಿ ನಮ್ಮ ಬಲಗಾಲು ಸದಾ ಬ್ರೇಕ್ ಮೇಲೇ ಇರುತ್ತದೆ. ಅಲ್ಲಿ ಅದು ಸರಿಯೇ. ಅದೇ ಕಾಲನ್ನು ನಾನು ಘಾಟಿಗೂ ತೆಗೆದುಕೊಂಡು ಹೋಗಿದ್ದೆ.

ಈ ಪ್ರಯಾಣ ಹುಟ್ಟಿದ್ದೇ ಮಗಳ ಆಸೆಯಿಂದ. ನನ್ನ ಮೈದುನನ ಸಂಸಾರ ಮ್ಯೂನಿಕ್‌ನಲ್ಲಿದೆ. ಕ್ರಿಸ್‌ಮಸ್ ರಜೆ ಬಂತೆಂದರೆ ಅವರು ಕಾರಿನಲ್ಲಿ ಗಡಿ ದಾಟಿ ಆಸ್ಟ್ರಿಯಾದ ಆಲ್ಪ್ಸ್ ಬೆಟ್ಟಗಳಿಗೆ ಸ್ಕೀ ಆಡಲು ಹೋಗುತ್ತಾರೆ. ಹಿಮದಲ್ಲಿ ಅರ್ಧ ಮುಳುಗಿದ ಕಾರಿನ ಫೋಟೋ ಅಜ್ಜಿಯ ಫೋನಿಗೆ ಬಂದಾಗ ಮಗಳು ಕೇಳಿದಳು, "ನಮ್ಮ ಕಾರಲ್ಲಿ ಹೋದ್ರೆ ಐಸ್ ಎಲ್ಲಿ ಸಿಗುತ್ತೆ ಅಮ್ಮಾ?" ಅವಳ ಸ್ಕೂಲಿಗೆ ಕ್ರಿಸ್‌ಮಸ್‌ಗೆ ಹತ್ತು ದಿನ ರಜೆ. ಯಲಹಂಕದಿಂದ ಕಾರಿನಲ್ಲಿ ಒಂದೇ ದಿನಕ್ಕೆ ತಲುಪಿ, ಬೆಳಗ್ಗೆ ಎದ್ದು ಹುಲ್ಲಿನ ಮೇಲೆ ಬಿಳಿ ಹೆಪ್ಪು ನೋಡಬಹುದಾದ ಜಾಗ ಊಟಿ. ನಮ್ಮೂರು ಸಮುದ್ರಮಟ್ಟಕ್ಕಿಂತ ಸುಮಾರು 920 ಮೀಟರ್ ಎತ್ತರ, ಊಟಿ 2,240. ಹೊರಟೆವು.

ಎಷ್ಟು ತಯಾರಿ ಮಾಡಿಕೊಂಡಿದ್ದೆವು? ಸ್ವೆಟರ್, ಕುಲಾವಿ, ಚಕ್ಕುಲಿ ಡಬ್ಬಿ, ರೂಮಿನ ಬುಕಿಂಗ್. ಗಾಡಿಗೆ ಟ್ಯಾಂಕ್ ತುಂಬಿಸಿದ್ದಷ್ಟೇ. ಆಸ್ಟ್ರಿಯಾದಲ್ಲಿ ನವೆಂಬರ್ 1ರಿಂದ ಏಪ್ರಿಲ್ 15ರವರೆಗೆ ರಸ್ತೆಯಲ್ಲಿ ಹಿಮವೋ ಮಂಜುಗಡ್ಡೆಯೋ ಇದ್ದರೆ ಚಳಿಗಾಲದ ಟೈರ್ ಇಲ್ಲದೆ ಕಾರು ಓಡಿಸುವಂತಿಲ್ಲ, ಅದು ಕಾನೂನು. ಡಿಕ್ಕಿಯಲ್ಲಿ ಚಕ್ರಕ್ಕೆ ಸುತ್ತುವ ಸರಪಳಿ ಇಟ್ಟುಕೊಂಡೇ ಹೊರಡುತ್ತೇವೆ ಎಂದು ಮೈದುನ ಆಮೇಲೆ ಹೇಳಿದ. ನಮ್ಮ ಘಾಟಿಗಳಿಗೆ ಅಂಥ ಸರಪಳಿ ಬೇಕಿಲ್ಲ. ಆದರೆ ಬೆಟ್ಟಕ್ಕೆ ಹೋಗುವ ಮೊದಲು ಗಾಡಿಯನ್ನೂ ಓಡಿಸುವವರನ್ನೂ ಬೇರೆಯಾಗಿ ಸಿದ್ಧ ಮಾಡಬೇಕು ಅನ್ನುವ ಯೋಚನೆಯೇ ನಮಗಿಲ್ಲ. ಮೈಸೂರಿಗೆ ಹೋದ ಹಾಗೆಯೇ ಊಟಿಗೂ ಹೋಗಿಬಿಡುತ್ತೇವೆ.

ಹೋಗುವಾಗ ಮಸಿನಗುಡಿಯಿಂದ ಕಲ್ಲಟ್ಟಿ ಘಾಟಿ ಹತ್ತಿದೆವು. ಮೂವತ್ತಾರು ಹೇರ್‌ಪಿನ್ ತಿರುವುಗಳು. ಪ್ರತಿಯೊಂದಕ್ಕೂ ನಂಬರಿನ ಫಲಕವಿದೆ, ಮಗಳು ಎಣಿಸುತ್ತಾ ಬಂದಳು. ಗಾಡಿ ತಾನಾಗಿಯೇ ಒಂದು, ಎರಡನೇ ಗೇರ್ ಕೇಳುತ್ತಿತ್ತು. ಹತ್ತುವಾಗ ತಪ್ಪು ಮಾಡಿದರೆ ಎಂಜಿನ್ ನರಳಿ ಹೇಳುತ್ತದೆ. ಇಳಿಯುವಾಗ ಹಾಗೆ ಹೇಳುವುದಿಲ್ಲ. ನಾಲ್ಕನೇ ಗೇರ್‌ನಲ್ಲಿ ಸದ್ದಿಲ್ಲದೆ, ಹಗುರಾಗಿ ಜಾರಿಕೊಂಡು ಹೋಗುತ್ತದೆ. ಆ ಹಗುರವೇ ಅಪಾಯ.

ಪೆಡಲ್ ಇಳಿದ ಕ್ಷಣದಲ್ಲಿ ನಾನು ಮಾಡಿದ್ದು ಒಂದೇ ಸರಿ ಕೆಲಸ: ಮೂರಕ್ಕೆ, ಎರಡಕ್ಕೆ ಗೇರ್ ಇಳಿಸಿದೆ. ಎಂಜಿನ್ ಗರ್ರೆಂದು ಗಾಡಿಯನ್ನು ಹಿಡಿದೆಳೆಯಿತು. ಬ್ರೇಕನ್ನು ಎರಡು ಮೂರು ಸಲ ಬಿಟ್ಟು ಬಿಟ್ಟು ಒತ್ತಿ, ಹ್ಯಾಂಡ್‌ಬ್ರೇಕ್ ಮೆಲ್ಲಗೆ ಎಳೆಯುತ್ತಾ, ಚಹಾ ತೋಟದ ಪಕ್ಕ ರಸ್ತೆ ಅಗಲವಾದಲ್ಲಿ ನಿಲ್ಲಿಸಿದೆ. ಕೆಳಗಿಳಿದು ನೋಡಿದರೆ ಮುಂದಿನ ಚಕ್ರದಿಂದ ತೆಳ್ಳಗೆ ಹೊಗೆ. ಕೈ ಹತ್ತಿರ ತಂದರೆ ಕಾದ ಕಾವಲಿಯ ಮೇಲೆ ಹಿಡಿದಷ್ಟು ಬಿಸಿ.

ಮೇಲಿನಿಂದ ಬಂದ ಜೀಪಿನವರು ಕೇಳದೆಯೇ ನಿಲ್ಲಿಸಿದರು. ತಮಿಳು ಬೆರೆತ ಕನ್ನಡ. "ಎಷ್ಟನೇ ಗೇರಲ್ಲಿ ಇಳಿಸ್ಕೊಂಡು ಬಂದ್ರಿ ಅಕ್ಕಾ?"

"ನಾಲ್ಕು."

"ಹತ್ತೋವಾಗ?"

"ಎರಡು."

"ಹಂಗಾದ್ರೆ ಇಳಿಯೋದೂ ಎರಡರಲ್ಲೇ. ಹತ್ತಿದ ಗೇರಲ್ಲೇ ಇಳೀಬೇಕು."

ಇವರು ಚಕ್ರಕ್ಕೆ ಹಾಕಲೆಂದು ನೀರಿನ ಬಾಟಲಿ ತೆಗೆದಿದ್ದರು. ಆತ ಕೈ ಹಿಡಿದು ತಡೆದರು. ಕಾದ ಡಿಸ್ಕ್‌ಗೆ ತಣ್ಣೀರು ಬಿದ್ದರೆ ಅದು ಸೊಟ್ಟಗಾಗಬಹುದು, ಸೀಳಲೂಬಹುದು. ಅದು ತಾನಾಗಿಯೇ ಆರಬೇಕು. ಮುಕ್ಕಾಲು ಗಂಟೆ ಕಾದೆವು. ಅತ್ತೆ ವಿಷ್ಣು ಸಹಸ್ರನಾಮ ಹೇಳಿಕೊಳ್ಳುತ್ತಿದ್ದರು, ತುಟಿ ಮಾತ್ರ ಆಡುತ್ತಿತ್ತು.

ಪೆಡಲ್ ಯಾಕೆ ಹಾಗೆ ಮೆತ್ತಗಾಯಿತು ಎಂದು ಊರಿಗೆ ಬಂದ ಮೇಲೆ ಮೆಕ್ಯಾನಿಕ್ ಬಿಡಿಸಿ ಹೇಳಿದರು. ನಮ್ಮ ಕಾಲಿನ ಒತ್ತಡವನ್ನು ಚಕ್ರಕ್ಕೆ ತಲುಪಿಸುವುದು ಬ್ರೇಕ್ ಆಯಿಲ್. ಅದು ಗಾಳಿಯಲ್ಲಿರುವ ತೇವವನ್ನು ವರ್ಷದಿಂದ ವರ್ಷಕ್ಕೆ ಹೀರಿಕೊಳ್ಳುತ್ತದೆ. ತೇವ ಸೇರಿದ ಆಯಿಲ್ ಬೇಗ ಕುದಿಯುತ್ತದೆ. ಕುದಿದಾಗ ಗುಳ್ಳೆ ಏಳುತ್ತದೆ, ನಾವು ಒತ್ತುವುದೆಲ್ಲ ಆ ಗುಳ್ಳೆ ಅಮುಕುವುದಕ್ಕೇ ಸರಿಹೋಗುತ್ತದೆ. ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಬದಲಿಸಬೇಕಾದ ಆಯಿಲ್ ಅದು. ನಮ್ಮ ಗಾಡಿಯದ್ದು ಐದು ವರ್ಷ ಹಳೆಯದು. ಸಿಟಿಯಲ್ಲಿ ಯಾವತ್ತೂ ಗೊತ್ತಾಗಿರಲಿಲ್ಲ.

ಆ ಮುಕ್ಕಾಲು ಗಂಟೆಗೆ ತೆತ್ತ ಬೆಲೆ ಗೂಡಲೂರು ದಾಟಿದ ಮೇಲೆ ತಿಳಿಯಿತು. ಊಟಿಯಿಂದ ಹೊರಡುವಾಗಲೇ ತಡವಾಗಿತ್ತು; ಪೇಟೆಯ ವಾಹನಗಳ ಸಾಲಿನಿಂದ ಹೊರಬರುವುದಕ್ಕೇ ಸಂಜೆಯಾಗಿತ್ತು. ತೊರಪಳ್ಳಿಯ ಗೇಟ್ ತಲುಪಿದಾಗ ಒಂಬತ್ತೂ ಇಪ್ಪತ್ತು. ಗೇಟ್ ಹಾಕಿತ್ತು. ಬಂಡೀಪುರದಲ್ಲಿ ರಾತ್ರಿ ಒಂಬತ್ತರಿಂದ ಬೆಳಗ್ಗೆ ಆರರವರೆಗೆ ವಾಹನ ಬಿಡುವುದಿಲ್ಲ ಎಂಬುದು ನನಗೆ ಗೊತ್ತಿಲ್ಲದ ವಿಷಯವಲ್ಲ. 2009ರಿಂದ ಇರುವ ನಿರ್ಬಂಧ, ರಾತ್ರಿ ಗಾಡಿಗಳಿಗೆ ಸಿಕ್ಕಿ ಸಾಯುತ್ತಿದ್ದ ಪ್ರಾಣಿಗಳಿಗಾಗಿ ತಂದದ್ದು. ಬೇಡಿಕೊಳ್ಳಲು ನನಗೆ ಬಾಯಿ ಬರಲಿಲ್ಲ. ಅಲ್ಲಿ ನಿಂತಿದ್ದ ಕೆಲವರು ಗಾರ್ಡ್ ಜೊತೆ ಜಗಳಕ್ಕಿಳಿದಿದ್ದರು. ಆ ಕಾಡಿನ ಪ್ರಾಣಿಗಳಿಗೆ ಒಂಬತ್ತು ಗಂಟೆಯ ನೆಮ್ಮದಿಯನ್ನೂ ಬಿಡಲು ನಮಗೆ ಮನಸ್ಸಿಲ್ಲವಲ್ಲ ಎಂದು ನನಗೆ ನಿಜಕ್ಕೂ ಸಂಕಟವಾಯಿತು.

ಗೂಡಲೂರಿಗೆ ತಿರುಗಿ ಬಂದರೆ ಕ್ರಿಸ್‌ಮಸ್ ವಾರದಲ್ಲಿ ಒಂದು ಲಾಡ್ಜೂ ಖಾಲಿ ಇಲ್ಲ. ಪೆಟ್ರೋಲ್ ಬಂಕಿನ ಅಂಗಳದಲ್ಲಿ ಕಾರಿನೊಳಗೇ ರಾತ್ರಿ ಕಳೆದೆವು. ಮಲಯಾಳಂ ಮಾತಾಡುವ ಹುಡುಗನೊಬ್ಬ ಫ್ಲಾಸ್ಕ್‌ನಲ್ಲಿ ಕಟ್ಟನ್ ಚಾಯ್ ತಂದುಕೊಟ್ಟ. ಅಷ್ಟರಲ್ಲಿ ಅತ್ತೆ ತಮ್ಮ ಪರ್ಸ್ ತಡಕಾಡಿ ಸುಮ್ಮನೆ ಕೂತರು. ಬಿ.ಪಿ. ಮಾತ್ರೆ ಮುಗಿದಿತ್ತು. ಎರಡು ದಿನಕ್ಕೆ ಎಂದು ಎಣಿಸಿ ತಂದಿದ್ದು. ಊರೆಲ್ಲ ಸುತ್ತಿ, ಬಾಗಿಲು ಮುಚ್ಚುತ್ತಿದ್ದ ಮೆಡಿಕಲ್ ಶಾಪಿನವರನ್ನು ತಡೆದು ಇವರು ಮಾತ್ರೆ ತಂದರು. ಅವತ್ತಿನಿಂದ ನಮ್ಮ ಮನೆಯಲ್ಲಿ ಯಾವ ಊರಿಗೆ ಹೊರಟರೂ ಮಾತ್ರೆ ಮೂರು ದಿನ ಜಾಸ್ತಿ ಇರುತ್ತದೆ. ಬೆಟ್ಟದ ದಾರಿಯಲ್ಲಿ ನಮ್ಮ ಲೆಕ್ಕದ ದಿನಕ್ಕೆ ವಾಪಸಾಗುತ್ತೇವೆ ಅನ್ನುವ ಖಾತ್ರಿ ಯಾರಿಗೂ ಇಲ್ಲ.

ಅಂದಹಾಗೆ, ಆ ಸಲ ಮಗಳಿಗೆ ಐಸೂ ಸಿಕ್ಕಿರಲಿಲ್ಲ. ಎರಡೂ ರಾತ್ರಿ ಮೋಡ ಕವಿದಿತ್ತು. ಆಕಾಶ ತಿಳಿಯಾಗಿದ್ದು, ಗಾಳಿ ನಿಂತ ರಾತ್ರಿಯಲ್ಲಿ ಮಾತ್ರ ನೆಲದ ಶಾಖವೆಲ್ಲ ಮೇಲೆ ಹಾರಿಹೋಗಿ ಹುಲ್ಲಿನ ಮೇಲೆ ಹೆಪ್ಪು ಕಟ್ಟುತ್ತದೆ. ಮೋಡ ಕಂಬಳಿಯಂತೆ ಮುಚ್ಚಿದರೆ ಇಲ್ಲ.

ಎರಡು ವರ್ಷ ಬಿಟ್ಟು, 2024ರ ಡಿಸೆಂಬರ್‌ನಲ್ಲಿ ಮತ್ತೆ ಹೊರಟೆವು. "ಬೇಡಮ್ಮ, ರೈಲಲ್ಲೋ ಬಸ್ಸಲ್ಲೋ ಹೋಗೋಣ" ಎಂದರು ಅತ್ತೆ. "ಈ ಸಲ ನನ್ನ ಮೇಲೆ ನಂಬಿಕೆ ಇಡಿ ಅತ್ತೆ" ಎಂದೆ. ಬ್ರೇಕ್ ಆಯಿಲ್, ಪ್ಯಾಡ್ ಹೊಸದು ಹಾಕಿಸಿದೆ. ಸ್ಟೆಪ್ನಿಗೂ ಗಾಳಿ ಹಿಡಿಸಿದೆ. ಮದ್ರಾಸ್ ಹೈಕೋರ್ಟಿನ ಆದೇಶದಂತೆ 2024ರ ಮೇ 7ರಿಂದ ನೀಲಗಿರಿಗೆ ಹೋಗುವ ಪ್ರವಾಸಿ ವಾಹನಗಳಿಗೆ ಇ-ಪಾಸ್ ಬೇಕು. ಮನೆಯಲ್ಲೇ ಕೂತು ತೆಗೆದುಕೊಂಡೆ. ಆ ಜಿಲ್ಲೆಯಲ್ಲಿ ಪ್ಲಾಸ್ಟಿಕ್ ನೀರಿನ ಬಾಟಲಿಗೆ ನಿಷೇಧವಿದೆ, ಹಾಗಾಗಿ ಸ್ಟೀಲ್ ಬಾಟಲಿ. ಬೆಳಗಿನ ಜಾವ ಮೂರೂವರೆಗೆ ಹೊರಟರೆ ಗೊರಗುಂಟೆಪಾಳ್ಯ ಖಾಲಿ, ಮಾದಾವರದಲ್ಲಿ ನೈಸ್ ರಸ್ತೆ ಹಿಡಿದು ಎಕ್ಸ್‌ಪ್ರೆಸ್‌ವೇ. ಬಂಡೀಪುರದ ಗೇಟ್ ತೆರೆದು ಬಹಳ ಹೊತ್ತಾಗಿರಲಿಲ್ಲ, ನಾವು ಕಾಡಿನೊಳಗಿದ್ದೆವು. ಘಾಟಿ ಪೂರ್ತಿ ಹಗಲಿನಲ್ಲಿ.

ಉಳಿದುಕೊಂಡಿದ್ದು ಬಡಗ ಹಿರಿಯರೊಬ್ಬರ ಮನೆಯಲ್ಲಿ. ಬಡಗರ ಮಾತು ಕನ್ನಡಕ್ಕೆ ತೀರಾ ಹತ್ತಿರ. ಅವರೂ ಅತ್ತೆಯೂ ಮೊದಲ ಸಂಜೆಯೇ ಒಲೆಯ ಮುಂದೆ ಕೂತು, ಅವರ ಹೆತ್ತೆ ಹಬ್ಬ, ನಮ್ಮ ಸಂಕ್ರಾಂತಿ ಎಂದು ಮಾತಿಗೆ ಬಿದ್ದರು. ಮೂರನೇ ದಿನ ಬೆಳಗ್ಗೆ ಆರಕ್ಕೆ ಅಂಗಳಕ್ಕೆ ಬಂದರೆ ಕಾರಿನ ಮುಂದಿನ ಗಾಜಿನ ಮೇಲೆ ಬಿಳಿ ಪದರ. ಹತ್ತಿರದಿಂದ ನೋಡಿದರೆ ಪದರವಲ್ಲ, ಒಂದರ ಪಕ್ಕ ಒಂದು ನಿಂತ ಸಣ್ಣ ಸಣ್ಣ ಗರಿಗಳು, ಪ್ರತಿ ಗರಿಯ ಅಂಚೂ ಗರಗಸದಂತೆ. ಮಗಳು ಉಗುರಿನಲ್ಲಿ ತನ್ನ ಹೆಸರು ಕೆರೆದಳು. ಅತ್ತೆ ಬಚ್ಚಲಿನಿಂದ ಚೊಂಬಿನಲ್ಲಿ ಕುದಿನೀರು ತಂದಿದ್ದರು, ಗಾಜಿಗೆ ಸುರಿಯಲು. "ಬಿಸಿನೀರು ಬೇಡ ತಾಯಿ, ಗ್ಲಾಸ್ ಸೀಳುತ್ತೆ" ಎಂದು ಮನೆಯವರು ಓಡಿಬಂದರು. ಎಂಜಿನ್ ಹಾಕಿ, ಒಳಗಿನಿಂದ ಬಿಸಿಗಾಳಿ ಬಿಟ್ಟು, ಹತ್ತು ನಿಮಿಷ ಕಾಯಬೇಕು. ವೈಪರನ್ನೂ ಹಾಕಬಾರದು, ರಬ್ಬರ್ ಅಂಟಿಕೊಂಡಿದ್ದರೆ ಹರಿಯುತ್ತದೆ. ಆ ಹತ್ತು ನಿಮಿಷದಲ್ಲಿ ಅವಳ ಹೆಸರು ಕೆಳಗಿನಿಂದ ಮೇಲಕ್ಕೆ ಕರಗುತ್ತಾ ಹೋಯಿತು.

ಬೆಳಗ್ಗೆ ಒಂಬತ್ತಕ್ಕೇ ಊಟಿ ಬಿಟ್ಟೆವು. ಇನ್ನೊಂದಿಷ್ಟು ನೋಡಬಹುದಿತ್ತು, ಬಿಟ್ಟುಬಂದೆ. ನಡುವಟ್ಟಂ ದಾಟಿದ ಮೇಲೆ ಎರಡನೇ ಗೇರ್. ಕಾಲು ಬ್ರೇಕಿನ ಮೇಲಿಲ್ಲ, ಪಕ್ಕದಲ್ಲಿದೆ. ಎಂಜಿನ್ನಿನ ಗೊರಕೆಯಂಥ ಸದ್ದು ಒಂದೇ ಸಮ. ಹಿಂದಿನಿಂದ ಹಾರ್ನ್ ಹೊಡೆದವರಿಗೆಲ್ಲ ಜಾಗ ಸಿಕ್ಕಲ್ಲಿ ದಾರಿ ಬಿಟ್ಟೆ. ಇಕ್ಕಟ್ಟಾದ ಒಂದು ತಿರುವಿನಲ್ಲಿ ಕೆಳಗಿನಿಂದ ಬಸ್ಸು ಹತ್ತಿ ಬರುತ್ತಿತ್ತು. ಹತ್ತುವವರಿಗೆ ಇಳಿಯುವವರು ದಾರಿ ಬಿಡಬೇಕು. ಭಾರದ ಗಾಡಿ ಏರಿನಲ್ಲಿ ನಿಂತರೆ ಮತ್ತೆ ಹೊರಡುವುದು ಕಷ್ಟ. ಎಡಕ್ಕೆ ಸರಿದು ನಿಂತೆ. ಡ್ರೈವರ್ ಸ್ಟೇರಿಂಗ್‌ನಿಂದ ಒಂದು ಕೈ ಎತ್ತಿ ಹೋದರು.

ಹಿಂದಿನ ಸಲ ಇದೇ ರಸ್ತೆಯಲ್ಲೇ ಎಲ್ಲೋ ನಾವು ನಿಂತಿದ್ದು. ಆ ಚಹಾ ತೋಟ ಯಾವುದೆಂದು ಅತ್ತೆಯನ್ನು ಕೇಳೋಣವೆಂದು ಕನ್ನಡಿಯಲ್ಲಿ ನೋಡಿದೆ. ಶಾಲು ಕಿವಿಯವರೆಗೆ ಹೊದ್ದು, ತಲೆ ಕಿಟಕಿಗೆ ಆನಿಸಿ ಅವರು ನಿದ್ದೆ ಹೋಗಿದ್ದರು.