ಹಾಲಿವುಡ್ಡಿನ ನೆಲೆ

ಉಕ್ಕಿನ ಕಾರ್ಖಾನೆಯ ನೆಲೆಯನ್ನು ಅದಿರು, ಕಲ್ಲಿದ್ದಲುಗಳು ಬಹುಮಟ್ಟಿಗೆ ನಿರ್ಧರಿಸುತ್ತವೆ. ಚಲನಚಿತ್ರಕ್ಕೆ ಅಂತಹ ಕಟ್ಟಿಲ್ಲ. ಆದರೂ ಅಮೆರಿಕದ ಚಿತ್ರೋದ್ಯಮವು ಲಾಸ್ ಏಂಜಲೀಸ್ ನಗರದ ಹಾಲಿವುಡ್ಡಿನಲ್ಲಿ ಬೇರೂರಿದುದೇಕೆ? ಬಿಸಿಲನ್ನು ಅರಸಿ ನಿರ್ಮಾಪಕರು ಬಂದರೆಂಬುದು ಅರ್ಧ ಉತ್ತರ ಮಾತ್ರ. 1948ರಲ್ಲಿ ಸರ್ವೋಚ್ಚ ನ್ಯಾಯಾಲಯದ ತೀರ್ಪಿನಿಂದಾಗಿ ದೊಡ್ಡ ಸ್ಟುಡಿಯೋಗಳು ತಮ್ಮ ಚಿತ್ರಮಂದಿರಗಳನ್ನು ಬಿಟ್ಟುಕೊಡಬೇಕಾಯಿತು. ಕ್ರಮೇಣ ಸಂಕಲನ, ಉಡುಪು, ಬೆಳಕು ಮೊದಲಾದ ಕೆಲಸಗಳು ಸಣ್ಣ ಸಂಸ್ಥೆಗಳ ಪಾಲಾದವು. ಇವು ಎಲ್ಲಿಗಾದರೂ ಚದುರಬಹುದಿತ್ತು, ಚದುರಲಿಲ್ಲ. ಅಲನ್ ಸ್ಕಾಟ್, ಮೈಕೆಲ್ ಸ್ಟಾರ್ಪರ್ ಮೊದಲಾದ ಭೂಗೋಳಶಾಸ್ತ್ರಜ್ಞರು ಇವುಗಳ ನೆಲೆಗಳನ್ನೂ ಪರಸ್ಪರ ವ್ಯವಹಾರವನ್ನೂ ಪರಿಶೀಲಿಸಿ ಕಾರಣವನ್ನು ವಿವರಿಸಿದರು. ಒಂದು ಚಿತ್ರಕ್ಕಾಗಿ ಕೂಡಿದ ತಂಡವು ಅದು ಮುಗಿದೊಡನೆ ಚದುರುತ್ತದೆ. ಮುಂದಿನ ಕೆಲಸದ ಸುದ್ದಿ ಬಹುಪಾಲು ಪರಿಚಿತರಿಂದ ಬರುತ್ತದೆ. ಆದುದರಿಂದ ಬಡಗಿಯೂ ಸಂಕಲನಕಾರನೂ ಆ ನಗರವನ್ನು ಸುಲಭವಾಗಿ ಬಿಡಲಾರರು. ಖರ್ಚು ಕಡಿಮೆಯೆಂದು ಚಿತ್ರೀಕರಣವು ಕೆನಡಾದ ವ್ಯಾಂಕೂವರಿಗೆ ಹೋದಾಗ ಕೂಲಿ ತಪ್ಪುವುದು ಆ ಬಡಗಿಯಂಥವರಿಗೇ; ಬಂಡವಾಳದ ನಿರ್ಧಾರಗಳು ಮಾತ್ರ ಹೆಚ್ಚಾಗಿ ಲಾಸ್ ಏಂಜಲೀಸಿನಲ್ಲಿಯೇ ಉಳಿಯುತ್ತವೆ.