ಪೋಳಾದ ಎತ್ತು ತಂದರೆ ಕನ್ನಡ ಹೋದೀತೆ?

ಪ್ರಶ್ನೆ: ನಾವು ಧಾರವಾಡದ ಕಡೆಯವರು. ಯಜಮಾನರ ನೌಕರಿಗೆಂದು ಬಂದು ನಾಗಪುರದ ಲಕ್ಷ್ಮೀ ನಗರದಲ್ಲಿದ್ದೇವೆ. ಎರಡನೇ ಕ್ಲಾಸಿನ ಮಗ ತಾನ್ಹಾ ಪೋಳಾಕ್ಕೆ ಕಟ್ಟಿಗೆಯ ಎತ್ತು ಬೇಕೆಂದು ಹಟ ಹಿಡಿದಿದ್ದಾನೆ. ಊರಿಂದ ಬಂದಿರುವ ಮಾವನವರು, "ಅದು ನಮ್ಮ ಹಬ್ಬ ಅಲ್ಲ, ಹಿಂಗ ಬಿಟ್ರ ಕನ್ನಡಾನೂ ಮರೀತಾನ" ಅನ್ನುತ್ತಾರೆ. ಈಗಲೇ ಕನ್ನಡದಲ್ಲಿ ಕೇಳಿದ್ದಕ್ಕೆ ಮರಾಠಿಯಲ್ಲಿ ಉತ್ತರ ಕೊಡುತ್ತಾನೆ. ನನಗೂ ದಿಗಿಲು.
– ಹೆಸರು ಬೇಡ

ಉತ್ತರ: ಎತ್ತು ಕೊಡಿಸಿರಿ. ಹಬ್ಬದ ಚಿಂತೆ, ಭಾಷೆಯ ಚಿಂತೆ ಎರಡೂ ನಿಮ್ಮಲ್ಲಿ ಗಂಟುಬಿದ್ದಿವೆ.

ಶ್ರಾವಣದ ಅಮಾವಾಸ್ಯೆಗೆ ವಿದರ್ಭದ ರೈತರು ಎತ್ತಿನ ಮೈ ತೊಳೆದು, ಕೋಡಿಗೆ ಬಣ್ಣ ಹಚ್ಚಿ ಪೂಜಿಸುತ್ತಾರೆ. ಅದೇ ಪೋಳಾ. ಮರುದಿನ ಮಕ್ಕಳ ತಾನ್ಹಾ ಪೋಳಾ. ಇದನ್ನು 1806ರಲ್ಲಿ ರಾಜ ಎರಡನೇ ರಘೂಜಿ ಭೋಸಲೆ ಶುರು ಮಾಡಿದರೆಂದು ನಾಗಪುರದವರು ಹೇಳುತ್ತಾರೆ. ಗಾಲಿ ಹಚ್ಚಿದ ಎತ್ತನ್ನು ಹಗ್ಗದಿಂದ ಎಳೆದುಕೊಂಡು ಮಕ್ಕಳು ಮನೆಮನೆಗೆ ಹೋಗುತ್ತಾರೆ. ದುಡ್ಡೋ ತಿಂಡಿಯೋ 'ಬೋಜಾರಾ' ಎಂದು ಸಿಗುತ್ತದೆ. ಮಾವನವರ ಊರಲ್ಲೂ ಎತ್ತು ಸಿಂಗರಿಸುವ ಕಾರಹುಣ್ಣಿಮೆ ಇಲ್ಲವೆ? ಮಣ್ಣೆತ್ತಿನ ಅಮಾವಾಸ್ಯೆಗೆ ಅವರೇ ಚಿಕ್ಕಂದಿನಲ್ಲಿ ಎತ್ತು ತಿದ್ದಿ, ಜಗಲಿಗಿಟ್ಟಿರಬೇಕು. ಹಾಗೆಂದು ಎರಡೂ ಒಂದೇ ಎಂದು ತೇಲಿಸಬೇಡಿ. ಒಂದು ಮಣ್ಣಿನದು, ಒಂದು ಬಡಗಿಯ ಕೈಯದು; ತಿಂಗಳೂ ಬೇರೆ. ಆ ಬೇರೆತನವನ್ನು ಮೊಮ್ಮಗನಿಗೆ ಅಜ್ಜನೇ ಹೇಳಲಿ. ಅಜ್ಜ ಕನ್ನಡದಲ್ಲೇ ಹೇಳುತ್ತಾರಲ್ಲ, ನಿಮಗೆ ಬೇಕಾದದ್ದೂ ಅದೇ! ಮುಂದಿನ ಮಣ್ಣೆತ್ತಿನ ಅಮಾವಾಸ್ಯೆಗೆ ಅವನ ಗೆಳೆಯರನ್ನೂ ಕರೆದು ಮಣ್ಣಿಗೆ ಕೂರಿಸಿ.

ಇನ್ನು ಮಾತು. ಮರಾಠಿ ಬಂದದ್ದರಿಂದ ಕನ್ನಡ ಹೋಗುವುದಿಲ್ಲ, ಮನೆಯಲ್ಲಿ ಅದಕ್ಕೆ ಕೆಲಸವಿಲ್ಲದಾದಾಗ ಹೋಗುತ್ತದೆ. ಧಾರವಾಡದವರಿಗೆ ಇದನ್ನು ನಾನು ಹೇಳಬೇಕೆ? ಬೇಂದ್ರೆಯವರ ಮನೆಮಾತು ಮರಾಠಿ. 'ನಾಕುತಂತಿ'ಗೆ 1973ರ ಜ್ಞಾನಪೀಠ ಪಡೆದದ್ದು ಕನ್ನಡದ ಕವಿಯಾಗಿ. ಮಾವನವರ ಮುಂದೆ ಈ ಮಾತು ನಿಮಗಿಂತ ನಿಮ್ಮ ಯಜಮಾನರು ಎತ್ತುವುದು ವಾಸಿ.

ಮಗ ಮರಾಠಿಯಲ್ಲಿ ಉತ್ತರಿಸಿದಾಗ ಗದರಬೇಡಿ. ಗೆಳೆಯರ ಎದುರಿಗಂತೂ ಬೇಡವೇ ಬೇಡ. ಕನ್ನಡವೆಂದರೆ ಬೈಸಿಕೊಳ್ಳುವ ಭಾಷೆ ಎಂದು ಅವನಿಗೆ ಅನ್ನಿಸಿಬಿಟ್ಟರೆ ಮತ್ತೆ ಸರಿಮಾಡುವುದು ಕಷ್ಟ. ನೀವು ಮಾತ್ರ ಮರಾಠಿಗೆ ಜಾರದೆ ಕನ್ನಡದಲ್ಲೇ ಮಾತು ಮುಂದುವರಿಸಿ. ಊರಿನ ಅಜ್ಜಿಗೆ ಫೋನ್ ಮಾಡಿ ಎತ್ತಿನ ಬಣ್ಣ ವರ್ಣಿಸುವ ಕೆಲಸ ಅವನಿಗೇ ಬಿಡಿ.

ಹಬ್ಬದ ದಿನ ನಿಮ್ಮ ಬಾಗಿಲಿಗೂ ಮಕ್ಕಳು ಬರುತ್ತಾರೆ. ಚಿಲ್ಲರೆ, ಚಾಕೊಲೇಟ್ ತೆಗೆದಿಟ್ಟುಕೊಳ್ಳಿ. ಮಾವನವರು ಒಪ್ಪಿದರೆ ಬೋಜಾರಾ ಅವರೇ ಹಂಚಲಿ.